ಕೆ. ವಿ. ಸುಬ್ಬಣ್ಣ

ಕೆ. ವಿ. ಸುಬ್ಬಣ್ಣ (ಫೆಬ್ರವರಿ 20, 1932 – ಜುಲೈ 16, 2005) ಕನ್ನಡದ ಲೇಖಕರು, ಅನುವಾದಕರು, ಪ್ರಕಾಶಕರು ಹಾಗೂ ರಂಗಸಂಘಟಕರು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. ಜಪಾನ್ ಮೊದಲಾದ ದೇಶಗಳ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರಿಗೆ ತಲುಪಿಸಿ, ಅವುಗಳ ರಸಗ್ರಹಣವನ್ನು ಕನ್ನಡದಲ್ಲಿಯೇ ಕಲಿಸಲು ಶ್ರಮಿಸಿದ ಪ್ರಮುಖರಲ್ಲಿ ಒಬ್ಬರು.

ಜೀವನ

ಸುಬ್ಬಣ್ಣನವರು ಅಡಿಕೆ ಬೆಳೆಗಾರರ ಕುಟುಂಬದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಆನರ್ಸ್ ಅಧ್ಯಯನ ಮಾಡಿದರು. ಅಲ್ಲಿ ಕುವೆಂಪು ಅವರ ಶಿಷ್ಯರಾಗಿದ್ದರು. ಪದವಿಯ ನಂತರ ನಗರದಲ್ಲಿ ನೆಲೆಸದೆ ಊರಿಗೆ ಮರಳಿ ಕೃಷಿಯನ್ನು ಕೈಗೊಂಡರು. 1949ರಲ್ಲಿ ಊರಿನ ಗೆಳೆಯರೊಡನೆ ಆರಂಭವಾಗಿದ್ದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಮುಂದೆ ನೀನಾಸಮ್ ಎಂದು ಹೆಸರಾಯಿತು. ಅಕ್ಷರ ಪ್ರಕಾಶನವನ್ನೂ ಅವರೇ ಸ್ಥಾಪಿಸಿದರು.

ಚಲನಚಿತ್ರ ಶಿಕ್ಷಣ

1973ರಲ್ಲಿ ನೀನಾಸಮ್ ಚಿತ್ರಸಮಾಜ ಪ್ರಾರಂಭವಾಯಿತು. ಚಿತ್ರಸಮಾಜಗಳು ಆಗ ಬಹುಮಟ್ಟಿಗೆ ನಗರದ ವಿದ್ಯಾವಂತರಿಗೆ ಸೀಮಿತವಾಗಿದ್ದವು. ವಿದೇಶೀ ಚಿತ್ರಗಳು ಹಳ್ಳಿಗರಿಗೆ ಅರ್ಥವಾಗಲಾರವೆಂಬ ಭಾವನೆಯೂ ಇತ್ತು. ಹೆಗ್ಗೋಡಿನ ಪ್ರದರ್ಶನಗಳು ಈ ಭಾವನೆಯನ್ನು ಅಲ್ಲಗಳೆದವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಅವರ ನೆರವಿನಿಂದ ಅಲ್ಲಿಯ ರೈತರು, ಕೂಲಿಕಾರರು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೊಮಾನ್' ಮುಂತಾದ ಚಿತ್ರಗಳನ್ನು ನೋಡಿದರು.

ಅಕಿರಾ ಕುರೊಸಾವಾ ನಿರ್ದೇಶಿಸಿದ 'ರಾಶೊಮಾನ್' (1950) ವೆನಿಸ್ ಚಿತ್ರೋತ್ಸವದಲ್ಲಿ 1951ರ ಅತ್ಯುನ್ನತ ಪ್ರಶಸ್ತಿಯನ್ನು ಪಡೆದು ಜಪಾನೀ ಸಿನಿಮಾದತ್ತ ಜಗತ್ತಿನ ಗಮನ ಸೆಳೆದ ಕೃತಿ. ಕಾಡಿನಲ್ಲಿ ನಡೆದ ಒಂದು ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವುದು ಅದರ ಕಥಾವಸ್ತು. ಒಂದೇ ಪ್ರಸಂಗಕ್ಕೆ ರಾತ್ರಿಯಿಂದ ರಾತ್ರಿಗೆ ಬೇರೆ ಅರ್ಥ ಕೊಡುವ ಯಕ್ಷಗಾನ, ತಾಳಮದ್ದಲೆಗಳಲ್ಲಿ ಪಳಗಿದ ಮಲೆನಾಡಿನ ಪ್ರೇಕ್ಷಕರಿಗೆ ಇಂತಹ ನಿರೂಪಣೆ ತೀರ ಅಪರಿಚಿತವಾದುದಲ್ಲ.

1970ರ ದಶಕದ ಕೊನೆಯಿಂದ ಹೆಗ್ಗೋಡಿನಲ್ಲಿ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಪ್ರಾಧ್ಯಾಪಕ ಸತೀಶ್ ಬಹಾದುರ್ ಇವುಗಳಲ್ಲಿ ಪಾಠ ಹೇಳಿದರು. 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನ 'ಜನಸ್ಪಂದನ' ಯೋಜನೆಯು ಈ ಕಾರ್ಯವನ್ನು ಕರ್ನಾಟಕದ ಇತರ ಊರುಗಳಿಗೂ ವಿಸ್ತರಿಸಿತು. ಹೀಗೆ ವಿಶ್ವವಿದ್ಯಾನಿಲಯದ ಹುದ್ದೆಯಿಲ್ಲದೆಯೇ ಸುಬ್ಬಣ್ಣನವರು ಸಿನಿಮಾ ಅಧ್ಯಯನಕ್ಕೆ ಕನ್ನಡದಲ್ಲಿ ನೆಲೆಯೊದಗಿಸಿದರು.

ರಂಗಭೂಮಿ ಮತ್ತು ಗೌರವಗಳು

1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ 'ತಿರುಗಾಟ' ನಾಟಕ ತಂಡವೂ ಆರಂಭಗೊಂಡವು. ಸುಬ್ಬಣ್ಣನವರಿಗೆ 1991ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. 'ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು' ಕೃತಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರ ಪುತ್ರ ಕೆ. ವಿ. ಅಕ್ಷರ ನಾಟಕಕಾರರು ಹಾಗೂ ರಂಗನಿರ್ದೇಶಕರು.