ನಿರಾಶ್ರಿತರಿಗೆ ಮನೆ ತೆರೆದ ಗುರು ಪೆದ್ರೊ ಅರುಪೆ

ನಿರಾಶ್ರಿತರ ಸೇವೆ ಎಂದಾಕ್ಷಣ ನಮಗೆ ದೊಡ್ಡ ಸಂಸ್ಥೆಗಳು, ಲಾರಿಗಟ್ಟಲೆ ಸಾಮಗ್ರಿಗಳು ನೆನಪಾಗುತ್ತವೆ. ಆದರೆ ಯೇಸುಸಭೆಯ ಗುರು ವಂದನೀಯ ಪೆದ್ರೊ ಅರುಪೆಯವರು ತಮ್ಮ ಕೈಯಲ್ಲಿದ್ದಷ್ಟರಿಂದಲೇ ಈ ಸೇವೆಯನ್ನು ಆರಂಭಿಸಿದರು.

1907ರ ನವೆಂಬರ್ 14ರಂದು ಸ್ಪೇನ್ ದೇಶದ ಬಿಲ್ಬಾವೊ ನಗರದಲ್ಲಿ ಜನಿಸಿದ ಅವರು ಮ್ಯಾಡ್ರಿಡ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದರು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಾಗಿ ಬಡವರ ಕೇರಿಗಳಿಗೆ ಭೇಟಿ ನೀಡುತ್ತಿದ್ದಾಗ ಹಸಿದ ಮಕ್ಕಳನ್ನು ಕಂಡರು. 1927ರಲ್ಲಿ ವೈದ್ಯಕೀಯ ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟು ಯೇಸುಸಭೆ ಸೇರಿದರು. 1932ರಲ್ಲಿ ಸ್ಪೇನ್ ಸರಕಾರ ಯೇಸುಸಭೆಯನ್ನು ವಿಸರ್ಜಿಸಿದಾಗ ಅವರೂ ದೇಶ ಬಿಡಬೇಕಾಯಿತು. ಮನೆ ಕಳೆದುಕೊಳ್ಳುವ ನೋವು ಅವರಿಗೆ ಸ್ವಂತ ಅನುಭವವಾಗಿತ್ತು. 1936ರಲ್ಲಿ ಗುರುದೀಕ್ಷೆ ಪಡೆದು 1938ರಲ್ಲಿ ಜಪಾನ್ ತಲುಪಿದರು. ಯುದ್ಧಕಾಲದಲ್ಲಿ ಗೂಢಚಾರನೆಂಬ ಸಂಶಯದಿಂದ ಅಲ್ಲಿ ಸುಮಾರು ಒಂದು ತಿಂಗಳು ಸೆರೆವಾಸ ಅನುಭವಿಸಿದರು.

1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅವರು ನಗರದ ಹೊರವಲಯದ ನಾಗತ್ಸುಕದಲ್ಲಿ ನವಶಿಷ್ಯರ ಗುರುವಾಗಿದ್ದರು. ಮನೆಗೆ ಹಾನಿಯಾಗಿದ್ದರೂ ಗೋಡೆಗಳು ಉಳಿದಿದ್ದವು. ಮೊದಲು ಪ್ರಾರ್ಥನಾಲಯದಲ್ಲಿ ಮೊಣಕಾಲೂರಿದ ಅವರು, ಬಳಿಕ ಇಡೀ ಮನೆಯನ್ನೇ ಆಸ್ಪತ್ರೆಯಾಗಿಸಿದರು. ಸುಮಾರು 150 ಗಾಯಾಳುಗಳು ಅಲ್ಲಿ ಆಶ್ರಯ ಪಡೆದರು. ಔಷಧವಿರಲಿಲ್ಲ, ರೈತನೊಬ್ಬ ತಂದುಕೊಟ್ಟ ಒಂದು ಚೀಲ ಬೋರಿಕ್ ಆಮ್ಲವೇ ಆಧಾರವಾಯಿತು. ಬಟ್ಟೆಗಳನ್ನು ಹರಿದು ಪಟ್ಟಿ ಕಟ್ಟಿದರು. ಯುವ ಶಿಷ್ಯರು ಆಹಾರ ಹುಡುಕಿ ತಂದರು. ಅಲ್ಲಿಗೆ ಬಂದವರಲ್ಲಿ ಬಹುತೇಕರು ಬದುಕಿ ಉಳಿದರು. ಅರ್ಧಕ್ಕೆ ನಿಂತ ವೈದ್ಯಕೀಯ ವಿದ್ಯೆಯೂ ಆ ದಿನ ದೇವರ ಕೆಲಸಕ್ಕೆ ಒದಗಿತು.

1965ರಲ್ಲಿ ಅವರು ಯೇಸುಸಭೆಯ ಮಹಾಶ್ರೇಷ್ಠರಾಗಿ ಆಯ್ಕೆಯಾದರು. 1979ರ ಕ್ರಿಸ್ಮಸ್ ಸಮಯದಲ್ಲಿ, ವಿಯೆಟ್ನಾಂನಿಂದ ದೋಣಿಗಳಲ್ಲಿ ಪಲಾಯನ ಮಾಡುತ್ತಿದ್ದ ಜನರ ಸಂಕಟ ಅವರನ್ನು ಕಲಕಿತು. ಲೋಕದಾದ್ಯಂತ ಇರುವ ತಮ್ಮ ಸಭೆಯ ಪ್ರಾಂತಗಳಿಗೆ ಸಂದೇಶ ಕಳುಹಿಸಿ ನೆರವು ಕೋರಿದರು. ಶಾಲೆ, ಮಠ, ಗುರುಗಳು ಎಲ್ಲೆಡೆ ಇರುವಾಗ ಇವನ್ನೆಲ್ಲ ಜೋಡಿಸುವ ಕೊಂಡಿಯೊಂದು ಬೇಕಿತ್ತು. 1980ರ ನವೆಂಬರ್ 14ರಂದು ಜೆಸ್ವಿಟ್ ನಿರಾಶ್ರಿತರ ಸೇವೆ ಸ್ಥಾಪನೆಯಾಯಿತು. ಸಾಮಗ್ರಿ ಹಂಚುವುದಷ್ಟೇ ಅಲ್ಲ, ನಿರಾಶ್ರಿತರ ಜೊತೆಗಿರುವುದು, ಅವರ ಹಕ್ಕುಗಳಿಗಾಗಿ ದನಿಯೆತ್ತುವುದು ಅದರ ಗುರಿಯಾಯಿತು. ನಮ್ಮ ನೆರೆಯ ತಮಿಳುನಾಡಿನಲ್ಲಿಯೂ ಶ್ರೀಲಂಕಾದ ನಿರಾಶ್ರಿತರ ಮಧ್ಯೆ, ವಿಶೇಷವಾಗಿ ಮಕ್ಕಳ ಶಿಕ್ಷಣಕ್ಕಾಗಿ, ಈ ಸಂಸ್ಥೆ ದುಡಿದಿದೆ.

1981ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಿರಾಶ್ರಿತರ ಸೇವಕರನ್ನು ಭೇಟಿಯಾದ ಅವರು, ಈ ಕಠಿಣ ಸೇವೆಯಲ್ಲಿ ಪ್ರಾರ್ಥನೆಯನ್ನು ಬಿಡಬಾರದೆಂದು ಕಿವಿಮಾತು ಹೇಳಿದರು. ರೋಮ್‌ಗೆ ಮರಳಿದೊಡನೆಯೇ, ಆಗಸ್ಟ್ 7ರಂದು, ಪಾರ್ಶ್ವವಾಯುವಿಗೆ ತುತ್ತಾದರು. ಇತರರಿಗೆ ಆಸರೆಯಾಗಿದ್ದವರು ಮುಂದಿನ ಸುಮಾರು ಹತ್ತು ವರ್ಷ ತಾವೇ ಇತರರ ಆಸರೆಯಲ್ಲಿ ಬದುಕಿ, 1991ರ ಫೆಬ್ರವರಿ 5ರಂದು ದೈವಾಧೀನರಾದರು. ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2019ರಲ್ಲಿ ರೋಮ್‌ನಲ್ಲಿ ಆರಂಭವಾಗಿದೆ.

ನಮ್ಮ ಧರ್ಮಕೇಂದ್ರಗಳಲ್ಲೂ ಖಾಲಿ ಸಭಾಂಗಣಗಳಿವೆ, ನಿವೃತ್ತ ದಾದಿಯರು, ಶಿಕ್ಷಕರು ಇದ್ದಾರೆ. ಕೆಲಸ ಹುಡುಕಿಕೊಂಡು ನಮ್ಮ ಊರಿಗೆ ಬಂದ ಕುಟುಂಬವೊಂದು ಬಾಗಿಲಲ್ಲಿ ನಿಂತಾಗ, ನಮ್ಮಲ್ಲಿ ಏನಿಲ್ಲ ಎಂದು ಲೆಕ್ಕ ಹಾಕುವ ಮುನ್ನ ಏನಿದೆ ಎಂದು ನೋಡೋಣ.