ದೀಪ ಹಿಡಿದ ಮಹಿಳೆಯ ಲೆಕ್ಕಾಚಾರ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡಿದ ಕರುಣಾಮಯಿ. ಶಾಲೆಯ ಪಾಠದಿಂದ ನಮಗೆ ನೆನಪಿರುವುದು ಇಷ್ಟೇ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೂಗಿ ನೋಡುವ ತಂಡನಾಯಕಿಯೂ ಅವರಾಗಿದ್ದರು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ, ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಗಣಿತವೆಂದರೆ ಬಲು ಇಷ್ಟ. ಮನೆಯವರ ವಿರೋಧದ ನಡುವೆಯೂ ನರ್ಸ್ ಆದರು. ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಹಿಳೆಯರ ತಂಡದೊಂದಿಗೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದರು.

ಅಲ್ಲಿ ಎಲ್ಲವೂ ತುರ್ತು ಕೆಲಸವೇ. ಕೊಳಕು ಹಾಸಿಗೆ, ಇಲಿ, ಹೇನು, ದುರ್ವಾಸನೆ. ರೋಗಿಗಳು ಸಾವಿರಾರು, ಕೈಗಳು ಕೆಲವೇ. ವೈದ್ಯರಿಗೂ ಈ ಮಹಿಳೆಯರು ಬಂದದ್ದು ಇಷ್ಟವಿರಲಿಲ್ಲ. ನೈಟಿಂಗೇಲ್ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಕೆಲಸಗಳನ್ನು ಮೊದಲು ಹಿಡಿದರು. ನೆಲ ಉಜ್ಜುವ ಬ್ರಷ್‌ಗಳನ್ನು ತರಿಸಿದರು. ಒಂದು ಮನೆ ಬಾಡಿಗೆಗೆ ಹಿಡಿದು, ಬಟ್ಟೆ ಒಗೆಯುವ ಕೆಲಸವನ್ನು ಸೈನಿಕರ ಹೆಂಡತಿಯರಿಗೆ ಕೊಟ್ಟರು. ರೋಗಿಗಳಿಗೆ ಪಥ್ಯದ ಅಡುಗೆಮನೆ ಶುರುಮಾಡಿದರು.

ಇಷ್ಟಾದರೂ ಸಾವು ಇಳಿಯಲಿಲ್ಲ. 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ಶೇ 42ಕ್ಕೆ ಏರಿತು. ಮಾರ್ಚ್‌ನಲ್ಲಿ ಬ್ರಿಟನ್‌ನಿಂದ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಚರಂಡಿಗಳನ್ನು ತೊಳೆಸಿತು, ಗಾಳಿಯಾಡುವಂತೆ ಮಾಡಿಸಿತು. ಜೂನ್ ವೇಳೆಗೆ ಆ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು.

ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ಅವರು ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕುಳಿತು ಸಾವಿನ ಲೆಕ್ಕ ತೆಗೆದರು. ಸೈನಿಕರಲ್ಲಿ ಹೆಚ್ಚಿನವರು ಸತ್ತದ್ದು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ. ಹಾಸಿಗೆಯ ಪಕ್ಕದ ಆರೈಕೆ ಎಷ್ಟೇ ಮುಖ್ಯವಾದರೂ, ಹೆಚ್ಚು ಜೀವ ಉಳಿಸುವುದು ಚರಂಡಿ, ಶುದ್ಧ ನೀರು, ಗಾಳಿ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಇದನ್ನೇ 1858ರಲ್ಲಿ ಬಣ್ಣದ ನಕ್ಷೆಗಳ ಮೂಲಕ ಸರ್ಕಾರದ ಮುಂದಿಟ್ಟರು.

ಆ ಹೊತ್ತಿಗೆ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತ್ತು. ಇದ್ದ ಅಲ್ಪ ಶಕ್ತಿಯನ್ನು ವರದಿ, ಪತ್ರಗಳಿಗೆ ಮೀಸಲಿಟ್ಟರು. 1860ರಲ್ಲಿ ಲಂಡನ್‌ನಲ್ಲಿ ಅವರ ಹೆಸರಿನ ನರ್ಸಿಂಗ್ ತರಬೇತಿ ಶಾಲೆ ಆರಂಭವಾಯಿತು. ಭಾರತಕ್ಕೆ ಒಮ್ಮೆಯೂ ಬರದೆ, ಇಲ್ಲಿನ ಸೇನಾ ನೆಲೆಗಳ ನೈರ್ಮಲ್ಯಕ್ಕಾಗಿ ವರ್ಷಗಟ್ಟಲೆ ದುಡಿದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ಕಾಲೇಜಿನ ಪ್ರಾಜೆಕ್ಟ್ ಇರಲಿ, ಮೊದಲ ಉದ್ಯೋಗದ ತಂಡವಿರಲಿ, ನಾಲ್ಕು ಜನರಿಗೆ ಹತ್ತು ಕೆಲಸ ಇದ್ದೇ ಇರುತ್ತದೆ. ಪ್ರತಿ ಕೆಲಸದ ಮುಂದೆ ಎರಡು ಅಂಕ ಬರೆದುಕೊಳ್ಳಿ: ಇದರಿಂದ ಎಷ್ಟು ಪ್ರಯೋಜನ, ಇದಕ್ಕೆ ಎಷ್ಟು ಶ್ರಮ. ಪ್ರಯೋಜನ ಹೆಚ್ಚು, ಶ್ರಮ ಕಡಿಮೆ ಇರುವುದನ್ನು ಮೊದಲು ಮುಗಿಸಿ. ಕೆಲ ದಿನ ಕಳೆದ ಮೇಲೆ ಫಲಿತಾಂಶ ನೋಡಿ, ಆ ಅಂಕಗಳನ್ನು ತಿದ್ದಲು ಹಿಂಜರಿಯಬೇಡಿ. ನೈಟಿಂಗೇಲ್ ಕೂಡ ತಮ್ಮ ಪಟ್ಟಿಯನ್ನು ತಿದ್ದಿದ್ದು ಹಾಗೆಯೇ.