ಶಿರಸಂಗಿಯ ಲಿಂಗರಾಜ ದೇಸಾಯಿಯವರು

ನವಲಗುಂದದ ಎರೆಭೂಮಿಯಲ್ಲಿ ಹತ್ತಿಯನ್ನೂ ಜೋಳವನ್ನೂ ಬಿತ್ತಿ ಬದುಕುವ ನಮ್ಮ ಜನರಲ್ಲಿ ಅಲ್ಲಿಯ ದೇಸಗತಿಯ ಹೆಸರನ್ನು ಕೇಳದವರು ವಿರಳ. ಆ ಮನೆತನದ ಲಿಂಗರಾಜರ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು ದೇಸಾಯಿಯ ವಾಡೆಯಲ್ಲಿ ಹುಟ್ಟಿದವರಲ್ಲ. 1861ನೆಯ ಇಸವಿಯ ಜನವರಿ 10ರಂದು, ಈಗ ಗದಗ ಜಿಲ್ಲೆಗೆ ಸೇರಿರುವ ಶಿಗ್ಲಿ ಗ್ರಾಮದಲ್ಲಿ ಜನಿಸಿದರು. ಸವದತ್ತಿ ಸೀಮೆಯ ಶಿರಸಂಗಿಯ ದೇಸಾಯಿಯವರು ಈ ಬಾಲಕನನ್ನು 1872ರಲ್ಲಿ ದತ್ತಕ ತೆಗೆದುಕೊಂಡರು. ಹೀಗೆ ಹಳ್ಳಿಯ ಹುಡುಗನು ಬೆಳಗಾವಿ ಧಾರವಾಡ ಎರಡೂ ಜಿಲ್ಲೆಗಳಲ್ಲಿ ಹರಡಿದ್ದ ಆಸ್ತಿಗೆ ವಾರಸುದಾರನಾದನು. ನಾಲ್ಕು ವರುಷಗಳೊಳಗೆ ಮಳೆ ತಪ್ಪಿ, 1876ರಿಂದ 1878ರ ವರೆಗೆ ಘೋರವಾದ ಬರವು ಈ ಸೀಮೆಯನ್ನು ಹಿಂಡಿತು. ಎಷ್ಟೋ ಹಳ್ಳಿಗಳು ಬರಿದಾದವು.

ದೇಸಾಯಿಗಳು ಪೂರ್ವದ ಅರಸರಿಗೋಸ್ಕರ ಕಂದಾಯವನ್ನು ವಸೂಲು ಮಾಡಿ, ಅದಕ್ಕೆ ಪ್ರತಿಯಾಗಿ ಭೂಮಿಯನ್ನು ಹೊಂದಿದವರು. ವತನವು ಮಗನಿಗೆ ಹೋಗಬೇಕು. ಮಗನಿಲ್ಲದಿದ್ದರೆ ದತ್ತಕನಿಗಾದರೂ ಹೋಗಬೇಕು. ಮನೆತನದ ಹೆಸರು ಉಳಿಯುವುದಕ್ಕೆ ಬೇರೆ ದಾರಿಯನ್ನು ಅವರು ಅರಿಯರು. ಲಿಂಗರಾಜರು ಆ ವಾಡಿಕೆಯಿಂದಲೇ ಐಶ್ವರ್ಯವಂತರಾದವರು. ಆದರೆ ಮಕ್ಕಳಿಲ್ಲದ ತಮ್ಮ ಸರದಿ ಬಂದಾಗ ಅವರು ಬೇರೊಂದನ್ನು ನಿಶ್ಚಯಿಸಿದರು. ಅದೇನೆಂದರೆ, ತಮ್ಮ ಆಸ್ತಿಯು ಬಡ ವಿದ್ಯಾರ್ಥಿಗಳ ಓದಿಗೆ ಸಲ್ಲಬೇಕೆಂದು ಮೃತ್ಯುಪತ್ರವನ್ನು ಬರೆದಿಟ್ಟರು. ಬದುಕಿರುವಾಗ ಹಣದ ಚೀಲವನ್ನು ಬಿಚ್ಚುವವರನ್ನು ನಾವು ಕಂಡಿದ್ದೇವೆ; ಬೇರಿನ ಸಹಿತವಾಗಿ ಹೊಲವನ್ನೇ ಬಿಟ್ಟುಕೊಟ್ಟವರನ್ನು ಅಷ್ಟು ಕಂಡಿಲ್ಲ.

ಆ ದಾನವು ಅವರ ಸ್ವಂತ ಲಿಂಗಾಯತ ಸಮಾಜದ ಮಕ್ಕಳಿಗಾಗಿತ್ತೆಂಬುದನ್ನು ನಾವು ಮರೆಮಾಡುವುದಿಲ್ಲ. ಎಲ್ಲರಿಗೂ ಬಾಗಿಲು ತೆರೆದಿದ್ದರೆ ಇನ್ನೂ ಲೇಸಾಗುತ್ತಿತ್ತೆಂದು ನಮಗೆ ತೋರುತ್ತದೆ. ಆದರೂ ಒಕ್ಕಲು ಮಕ್ಕಳಿಗೆ ನೇಗಿಲೇ ಸಾಕೆಂದು ದೊಡ್ಡವರು ಎಣಿಸುತ್ತಿದ್ದ ಕಾಲವದು. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೂ, ಮರುವರುಷ ಬೆಂಗಳೂರಿನಲ್ಲಿ ನಡೆದದ್ದಕ್ಕೂ ಇವರೇ ಅಧ್ಯಕ್ಷರಾಗಿದ್ದರು.

1906ನೆಯ ಆಗಸ್ಟ್ 23ರಂದು, ಇನ್ನೂ ನಾಲ್ವತ್ತೈದೇ ವರುಷದ ಪ್ರಾಯದಲ್ಲಿ, ಲಿಂಗರಾಜರು ತೀರಿಕೊಂಡರು. ಶಿರಸಂಗಿ ನವಲಗುಂದ ಟ್ರಸ್ಟ್ ಎಂದು ಹೆಸರುಗೊಂಡ ಆ ನಿಧಿಯ ಹಣದಿಂದ ಎಷ್ಟೋ ಹುಡುಗರು ಊರು ಬಿಟ್ಟು ಓದಲು ಹೋದರು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯವರು 1933ರಲ್ಲಿ ಬೆಳಗಾವಿಯಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ದತ್ತಕಪುತ್ರನಿಗೆ ಸಲ್ಲಬೇಕಾಗಿದ್ದ ಹೆಸರು ಆ ಕಾಲೇಜಿಗೆ ಬಂತು. ಇಂದಿಗೂ ಅದನ್ನು ಲಿಂಗರಾಜ ಕಾಲೇಜೆಂದೇ ಕರೆಯುತ್ತಾರೆ.